ಅಯ್ಯಮ್ಮನ ಹಲಗಿ ಕೋಣೆ

ಸುರಪುರದ ರಂಗಂಪೇಟೆಯಲ್ಲಿ ಅಯ್ಯಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವವರು ಬಹಳ. ಇರದೆ ಏನು? ಗಂಡ ತೀರಿದ ಮೇಲೆ ಅವನ ಹಲಗಿ ವಾದ್ಯವನ್ನು ಹೆಗಲಿಗೇರಿಸಿಕೊಂಡವಳು, ಓಣಿಯ ಆರು ಹೆಂಗಸರಿಗೆ ಬಾರಿಸಲು ಕಲಿಸಿ ಮೇಳ ಕಟ್ಟಿದವಳು. ಶಹಾಪುರದ ದೊಡ್ಡ ಕಾರ್ಯಕ್ರಮಕ್ಕೆ ಎಂಟೇ ದಿನ ಉಳಿದಿದ್ದಾಗ, ಪಕ್ಕದ ಮನೆಯ ಹಂಪಣ್ಣ ಸಾಹುಕಾರ ಬಂದು, ನಿಮ್ಮ ಸಪ್ಪಳಕ್ಕೆ ನನ್ನ ಬಿಪಿ ಏರುತ್ತದೆ, ನಿಲ್ಲಿಸದಿದ್ದರೆ ಪೊಲೀಸರಿಗೆ ಹೇಳುತ್ತೇನೆ ಎಂದು ಗದರಿ ಹೋದ. ಅವನ ಹಿಟ್ಟಿನ ಗಿರಣಿ ದಿನವಿಡೀ ಗರಗರ ಎನ್ನುವುದು ಮಾತ್ರ ಯಾರ ಬಿಪಿಯನ್ನೂ ಏರಿಸುವುದಿಲ್ಲ!

ತಾಲೀಮು ನಿಂತರೆ ಕಾರ್ಯಕ್ರಮ ಹೋದಂತೆಯೇ. ಅಯ್ಯಮ್ಮ ಹಲ್ಲು ಕಚ್ಚಿಕೊಂಡು, ಸಪ್ಪಳ ಹೊರಗೆ ಹೋಗದಂತೆ ತಾಲೀಮಿನ ಕೋಣೆಯ ಬಾಯಿ ಮುಚ್ಚಲು ಹೊರಟಳು. ಕಾಲುವೆ ನೀರು ಬಂದು ಸುತ್ತೆಲ್ಲ ಭತ್ತವೇ ಆದ ಮೇಲೆ ಭತ್ತದ ಹೊಟ್ಟಿಗೇನು ಬರ? ಹೆಂಗಸರೆಲ್ಲ ಅದನ್ನು ಹೊತ್ತು ತಂದು, ಗೋಣಿಚೀಲಗಳಲ್ಲಿ ತುಂಬಿ, ಗೋಡೆಗುಂಟ ಸೂರಿನವರೆಗೆ ಒಟ್ಟಿದರು. ಬಾಗಿಲಿಗೆ ಎರಡು ಪದರ ಕೌದಿ. ಕಿಟಕಿಗೂ ಚೀಲ, ತಗಡಿನ ಸಂದಿಗೆ ಹಳೆ ಸೀರೆ. ಮೇಳದ ಸುಗಲಮ್ಮ ಹೊರಗೆ ನಿಂತು ಕೇಳಿ, ದೂರದ ಓಣಿಯಲ್ಲಿ ಯಾರೋ ಕುಟ್ಟಿದಂತಿದೆ ಎಂದಳು. ಅಯ್ಯಮ್ಮ ಒಂದು ಗಳಿಗೆ ಸಿಟ್ಟು ಮರೆತಳು.

ಮರುದಿನ ಹಲಗಿಯ ಚರ್ಮ ಮೆತ್ತಗಾಗಿತ್ತು. ಬಿಗಿಯಾಗಲು ಅದನ್ನು ಬೆಂಕಿಗೆ ಹಿಡಿಯಬೇಕು. ರೂಢಿಯಾದ ಕೈ ಕೋಣೆಯೊಳಗೇ ಒಂದು ಹಿಡಿ ಹುಲ್ಲು ಹಚ್ಚಿತು. ಹೊಗೆಗೆ ಹೊರಹೋಗಲು ದಾರಿಯೇ ಇಲ್ಲ. ಕಿಡಿ ಹಾರಿ ಒಂದು ಚೀಲವೂ ಹತ್ತಿಕೊಂಡಿತು. ಎಲ್ಲರೂ ಕೌದಿ ಕಿತ್ತೆಸೆದು, ಕೆಮ್ಮುತ್ತ ಹೊರಗೆ ಓಡಿದರು. ಕೊಡ ಕೊಡ ನೀರು ಸುರಿದು ಬೆಂಕಿ ಆರಿಸುವಾಗ ಹಂಪಣ್ಣ ತನ್ನ ಕಟ್ಟೆಯ ಮೇಲೆ ನಿಂತು ನಗುತ್ತಿದ್ದ. ಒಂದು ಕೊಡ ನೀರನ್ನೂ ತರಲಿಲ್ಲ, ಪುಣ್ಯಾತ್ಮ.

ನಕ್ಕು ಮುಗಿದ ಮೇಲೆ ಹೇಳಿದ: “ಹೋಗ್ಲಿ ಬಿಡು, ಅಯ್ಯಮ್ಮ. ಬರೋ ಸೋಮಾರ ನಮ್ಮ ಮಗಳ ಮದುವಿ ಅದ. ಮೆರವಣಿಗಿಗಿ ನಿನ್ನ ಮೇಳ ಕರ್ಕೊಂಡು ಬಾ. ಜೋರ್ ಬಾರಿಸ್ಬೇಕು ನೋಡು.”

ಅಯ್ಯಮ್ಮನ ಮೈಯೆಲ್ಲ ಉರಿದುಹೋಯಿತು.

“ನಮ್ಮ ಮನ್ಯಾಗ ಬಾರಿಸಿದ್ರ ನಿಮಗ ಸಪ್ಪಳ, ನಿಮ್ಮ ಮನಿ ಮುಂದ ಬಾರಿಸಿದ್ರ ಮಂಗಳ ಏನ್ರಿ, ಸಾವ್ಕಾರ್ರ? ಬರಂಗಿಲ್ರಿ.”

ಅವಳು ಚೀಲಗಳನ್ನೆಲ್ಲ ಹೊರಗೆಳೆದು, ಕಿಟಕಿ ತೆರೆದಿಟ್ಟು, ಓಣಿಯ ನಡುವೆ ಹುಲ್ಲು ಹಚ್ಚಿ ಏಳೂ ಹಲಗಿ ಕಾಯಿಸಿದಳು. ಅಂದಿನಿಂದ ತಾಲೀಮು ಬಾಗಿಲು ತೆರೆದೇ ನಡೆಯಿತು. ಹಂಪಣ್ಣ ಪೊಲೀಸರ ಹೆಸರೆತ್ತಲಿಲ್ಲ. ಮದುವೆಯಲ್ಲಿ ಬಾರಿಸಲು ಇವಳ ಮನಸ್ಸು ಕರಗೀತೆಂದು ದಿನಾ ಯಾರನ್ನಾದರೂ ಕಳಿಸುತ್ತಿದ್ದ.

ಸೋಮವಾರ ಅವನ ಮಗಳ ಮೆರವಣಿಗೆ ಹಲಗಿಯಿಲ್ಲದೆ ಹೊರಟಿತು. ಅಯ್ಯಮ್ಮ ಆಗ ಶಹಾಪುರದಲ್ಲಿ, ಸಾವಿರ ಜನರ ಮುಂದೆ, ಕೈ ಸೋಲುವವರೆಗೆ ಬಾರಿಸುತ್ತಿದ್ದಳು.