‘ಆದೀತು’ ಎಂದ ಬಾಯಿ

ಅವರ ಕೆಳದುಟಿಯ ಎಡಬದಿಯಲ್ಲಿ ಹಲ್ಲು ಊರಿದ ಗುರುತು ಸದಾ ಇರುತ್ತಿತ್ತು. ಯಾರು ಏನು ಕೇಳಿದರೂ ಉತ್ತರ ಕೊಡುವ ಮೊದಲು ಅಲ್ಲಿ ಕಚ್ಚಿಕೊಳ್ಳುತ್ತಿದ್ದರು. ‘ನೀರು ಬಂತೇನ್ರೀ?’ ಎಂದು ಕೇಳಿದರೂ ಅಷ್ಟೇ. ಒಬ್ಬರು ಹೇಳಿದ್ದನ್ನು ಇನ್ನೊಂದು ಭಾಷೆಯಲ್ಲಿ ಹೇಳುವುದೇ ಅವರ ಕೆಲಸವಾಗಿತ್ತು. ಆ ಕೆಲಸದಿಂದ ಅಂಟಿದ ಚಟವದು. ಚಳಿಗಾಲದಲ್ಲಿ ಆ ಜಾಗ ಒಡೆದು ರಕ್ತ ಜಿನುಗುತ್ತಿತ್ತು. ಆಗಲೂ ಕಚ್ಚುವುದು ತಪ್ಪುತ್ತಿರಲಿಲ್ಲ.

ಮುಂಬಯಿಯ ಕುರ್ಲಾದಲ್ಲಿ ಸಾಲು ಖೋಲಿಗಳ ನಮ್ಮ ಚಾಳಿನ ಮರಾಠಿ ಮಂದಿ ಅವರನ್ನು ‘ಬಾಯಿ’ ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಅದು ಮರ್ಯಾದೆಯ ಮಾತು. ಬಿಜಾಪುರ, ಬೆಳಗಾವಿ ಕಡೆಯಿಂದ ಬಂದ ನಮ್ಮವರು ಮಾತ್ರ ಅದಕ್ಕೆ ಕನ್ನಡದ ಅರ್ಥ ಹಚ್ಚಿ ಮುಸಿಮುಸಿ ನಗುತ್ತಿದ್ದರು. ಈ ಬಾಯಿಯ ನಾಲಿಗೆ ಅಷ್ಟು ಹರಿತ. ಹೀಗೆ ನಗುತ್ತಾರೆಂದು ಅವರಿಗೂ ಗೊತ್ತಿತ್ತು. ‘ಬಾಯಿಯಿಂದಲೇ ಅಲ್ವಾ ನನಗೆ ಅನ್ನ, ಕರೀಲಿ ಬಿಡು ಮಾರಾಯ್ತಿ’ ಎಂದಿದ್ದರು.

ಅವರು ಮಂಗಳೂರಿನವರು. ಸಣ್ಣವರಿದ್ದಾಗ ತಾಯಿ ತೀರಿಕೊಂಡು, ಜರ್ಮನ್ ಮಾತಾಡುವ ಪಾದ್ರಿ ದಂಪತಿಯ ಮನೆಯಲ್ಲಿ ಬೆಳೆದವರು. ಪಾದ್ರಿಯ ಹೆಂಡತಿ ಜರ್ಮನ್ ಕಲಿಸಿದರು, ಪಾದ್ರಿ ಲ್ಯಾಟಿನ್ ಕಲಿಸಿದರು. ಉಳಿದದ್ದನ್ನು, ಮುಂಬಯಿಗೆ ಬಂದ ಮೇಲೆ ಫೋರ್ಟ್ ಪೇಟೆಯ ಫುಟ್‌ಪಾತಿನಲ್ಲಿ ಕೊಂಡ ಹಳೆಯ ನಿಘಂಟುಗಳಿಂದ ಅವರೇ ಕಲಿತರು. ಮದುವೆಯಾಗಲಿಲ್ಲ. ಭಾಂಡುಪಿನ ಒಂದು ಪಂಪಿನ ಕಾರ್ಖಾನೆಯ ಆಫೀಸಿನಲ್ಲಿ ಜರ್ಮನ್ ಕಾಗದಗಳನ್ನು ಇಂಗ್ಲಿಷಿಗೆ ಮಾಡುತ್ತಿದ್ದರು. ಅದೇ ಕಾರ್ಖಾನೆಯಲ್ಲಿ ನನ್ನ ಗಂಡ ಟೆಂಪರರಿ ಫಿಟ್ಟರ್.

ಐವತ್ತರ ದಶಕದ ನಡುವೆ ನಾನು ಮದುವೆಯಾಗಿ ಬಿಜಾಪುರದಿಂದ ಬಂದಾಗ ಅವರ ಖೋಲಿಯ ಪಕ್ಕದ ಖೋಲಿ ನಮ್ಮದಾಯಿತು. ಕನ್ನಡ ಬಿಟ್ಟರೆ ನನಗೆ ಏನೂ ಬರುತ್ತಿರಲಿಲ್ಲ. ಸಂಜೆ ಅವರ ಮನೆಯಲ್ಲಿ ಕೂತು ಇಂಗ್ಲಿಷ್ ಕಲಿಯತೊಡಗಿದೆ. ಹಾಲಿಲ್ಲದ ಕಾಫಿ ಕುಡಿಯುತ್ತ, ಇಸ್ತ್ರಿ ಪೆಟ್ಟಿಗೆ ಓಡಿಸುತ್ತ ಪಾಠ ಹೇಳುತ್ತಿದ್ದರು. ತಪ್ಪಿದರೆ ಬೈಯುತ್ತಿದ್ದರು. ಸರಿಯಾದರೆ ಸುಮ್ಮನಿರುತ್ತಿದ್ದರು, ಹೊಗಳಿಕೆ ಎಂದರೆ ಅಷ್ಟೇ.

ನಲ್ಲಿಯ ಹತ್ತಿರ ಒಮ್ಮೆ ಜಗಳವಾದಾಗ ಕೆಳಗಿನ ಮನೆಯ ಗುಮಾಸ್ತ ಅವರಿಗೆ ‘ಬಾಯಿ, ಬೀ ಸೆನ್ಸಿಬಲ್’ ಎಂದು ವಿವೇಕ ಹೇಳಿದ. ಅವರು ತುಟಿ ಕಚ್ಚಿಕೊಂಡು, ‘ಜರ್ಮನ್‌ನಲ್ಲಿ ನಾನು ಸೆನ್ಸಿಬಲ್ಲೇ. ಅಲ್ಲಿ ಹಾಗೆಂದರೆ ಮುಟ್ಟಿದರೆ ನೋಯುವವಳು ಅಂತ’ ಎಂದರು. ಗುಮಾಸ್ತನಿಗೆ ತಿಳಿಯಲಿಲ್ಲ. ನಾನು ನಕ್ಕೆ. ಅವರು ನಗಲಿಲ್ಲ.

ಒಂದು ದಿನ ಕಾರ್ಖಾನೆಯಲ್ಲಿ ಹೊಸ ಯಂತ್ರಕ್ಕೆ ಪೂಜೆಯಾಯಿತು. ತೆಂಗಿನಕಾಯಿ ಒಡೆದ ಮೇಲೆ ಜರ್ಮನ್ ಇಂಜಿನಿಯರ್ ಒಂದು ಪೆಟ್ಟಿಗೆಯ ಮೇಲೆ ಹತ್ತಿ ನಿಂತು, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿದ. ಟೆಂಪರರಿಗಳೆಲ್ಲ ‘ಇವೆಂಚುಅಲಿ’ ಪರ್ಮನೆಂಟ್ ಆಗುತ್ತೀರಿ ಎಂದ. ಹೆಡ್ ಕ್ಲಾರ್ಕ್ ಅದನ್ನು ಮರಾಠಿಗೆ ತಂದು, ಕೊನೆಗೆ ಎಲ್ಲರೂ ಪರ್ಮನೆಂಟ್ ಆಗೇ ಆಗುತ್ತೀರಿ ಎಂದು ಸಾರಿದ. ಇಂಗ್ಲಿಷಿನ ಲೆಕ್ಕದಲ್ಲಿ ಅವನ ಮಾತು ಸರಿಯಾಗಿಯೇ ಇತ್ತು. ಚಪ್ಪಾಳೆ ನಿಲ್ಲಲಿಲ್ಲವಂತೆ.

ಸಂಜೆ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಪೇಢೆ ಹಂಚಿದರು. ಆ ಕಾರ್ಖಾನೆಯ ಹತ್ತಾರು ಕೆಲಸಗಾರರು ನಮ್ಮ ಚಾಳಿನಲ್ಲೇ ಇದ್ದರು. ಅವರ ಮುಖಂಡ ಬೆಳಗಾವಿ ಕಡೆಯವನು. ಬಾಯಿ ಮೆಟ್ಟಿಲು ಹತ್ತಿ ಬಂದಾಗ ಅವನು ಪೇಢೆಯ ಬುಟ್ಟಿ ಮುಂದೆ ಹಿಡಿದ. ಅವರು ಮುಟ್ಟಲಿಲ್ಲ.

‘ಆ ಇಂಜಿನಿಯರ್ ಹಾಗೆ ಹೇಳಲಿಲ್ಲ,’ ಎಂದರು. ‘ಅವನು ಇಂಗ್ಲಿಷ್ ಮಾತಾಡಿದ್ದು ಹೌದು, ಆದರೆ ಅರ್ಥ ಜರ್ಮನ್ನಿನದ್ದು. ಅವನ ಭಾಷೆಯಲ್ಲಿ ಆ ಶಬ್ದಕ್ಕೆ ಆದರೂ ಆದೀತು, ಆಗದೆಯೂ ಇದ್ದೀತು ಅಂತ ಅರ್ಥ. ನಾನೇ ಹೋಗಿ ಜರ್ಮನ್‌ನಲ್ಲಿ ಕೇಳಿ ಬಂದೆ. ಆರ್ಡರ್ ಬಂದರೆ ನೋಡುವ ಅಂದ.’

ಮುಖಂಡ ಬುಟ್ಟಿ ಕೆಳಗಿಟ್ಟ.

‘ಒಂದ ಶಬ್ದಕ್ಕ ಎರಡ ಅರ್ಥ ಹೆಂಗ ಆಗ್ತಾವ್ರೀ?’ ಎಂದ ಮುಖಂಡ.

‘ರಾಗ ಅಂದರೆ ನಿಮಗೇನು? ಹಾಡುವುದು. ಈ ಆಚೆ ಮನೆಯ ಮರಾಠಿಯವರಿಗೆ? ಸಿಟ್ಟು. ಶಬ್ದ ಸಂಸ್ಕೃತದಿಂದಲೇ ಬಂದದ್ದಲ್ವಾ? ಇದೂ ಹಾಗೆಯೇ. ಲ್ಯಾಟಿನ್‌ನಲ್ಲಿ ಇದರ ಮೂಲಕ್ಕೆ, ಏನಾಗುತ್ತದೋ ಅದು, ಫಲ ಅಂತ ಅರ್ಥ. ಇಂಗ್ಲಿಷಿನವರು ಅದನ್ನು ಕೊನೆಗೆ ಆಗುವುದು ಅಂತ ಮಾಡಿಕೊಂಡರು. ಜರ್ಮನ್ನರು, ಫ್ರೆಂಚರು ಆದೀತು ಅಂತ ಇಟ್ಟುಕೊಂಡರು.’

‘ನಮ್ಮ ಮಂದಿಗೆ ಒಳ್ಳೇದಾಗೂದು ನಿಮಗ ಬ್ಯಾಡಾಗೇದ. ಮ್ಯಾನೇಜರ್ ಕಳಿಸ್ಯಾನೇನು?’

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೋಗಿ ತಟ್ಟಿದಾಗ ತೆಗೆದರು. ಮ್ಯಾನೇಜರನಿಗೂ ವಿಷಯ ತಿಳಿಸಿದ್ದಾಗಿ ನನಗೊಬ್ಬಳಿಗೆ ಹೇಳಿದರು. ಅವನು ಮುಂಬಯಿಯವನೇ, ಓದಿಕೊಂಡವನು. ಎಲ್ಲ ಕೇಳಿಸಿಕೊಂಡು, ‘ಬಾಯಿ, ಮಂದಿ ಖುಷಿಯಲ್ಲಿದ್ದಾರೆ, ಕೆಲಸ ಜೋರಾಗಿ ಸಾಗುತ್ತಿದೆ. ನೀವು ಸುಮ್ಮನಿರಿ’ ಎಂದನಂತೆ.

‘ಸ್ಪೇನಿನಲ್ಲಿ ನಿನ್ನ ಗಂಡನಂಥ ಟೆಂಪರರಿಗಳನ್ನು ಕರೆಯುವುದೇ ಈ ಶಬ್ದದಿಂದ, ಗೊತ್ತುಂಟಾ?’ ಎಂದರು ಕೊನೆಗೆ. ‘ಇವೆಂಚುಆಲ್. ಇವತ್ತು ಇದ್ದಾನೆ, ನಾಳೆ ಗೊತ್ತಿಲ್ಲ.’

ಆಗ ನಮ್ಮ ಮನೆಯಲ್ಲೊಂದು ವಿಚಾರ ನಡೆದಿತ್ತು. ನನ್ನ ಗಂಡನಿಗೆ ಪರೇಲಿನ ರೈಲ್ವೆ ವರ್ಕ್‌ಶಾಪಿನಿಂದ ಕರೆ ಬಂದಿತ್ತು. ಕಾಯಂ ನೌಕರಿ, ಆದರೆ ಕೈಯಾಳಿನ ಖಲಾಸಿ ಕೆಲಸ, ಪಗಾರ ಕಡಿಮೆ. ಫಿಟ್ಟರ್ ಆದವನಿಗೆ ಅದು ಅವಮಾನ. ಪರ್ಮನೆಂಟ್ ಆಗುವ ಸುದ್ದಿ ಕೇಳಿದ ಮೇಲಂತೂ ಬೇಡವೇ ಬೇಡ ಎಂದು ನಿಶ್ಚಯಿಸಿಬಿಟ್ಟಿದ್ದರು.

‘ಬಾಯಿ ಹೇಳಿದ್ದು ಖರೇ ಇದ್ದರ ಏನ ಮಾಡ್ತೀರಿ?’ ಎಂದೆ ನಾನು, ಊಟಕ್ಕೆ ಬಡಿಸುತ್ತ.

‘ಆಕಿ ಬಾಯಾಗ ಒಳ್ಳೇ ಮಾತು ಯಾವಾಗರ ಬಂದದೇನು?’

‘ಆಕಿ ಸುಳ್ಳು ಹೇಳಿದ್ದು ಯಾವಾಗರ ಕೇಳೀರೇನು?’

ಅವರು ಅನ್ನಕ್ಕೆ ಕೈ ಹಚ್ಚಲಿಲ್ಲ. ಮರುದಿನ ನಾನು ಒಲೆ ಹಚ್ಚಲಿಲ್ಲ. ಅದರ ಮರುದಿನವೂ ಹಚ್ಚಲಿಲ್ಲ. ನನ್ನ ಮಾತಿಗೆ ಒಪ್ಪಿ ಅಲ್ಲ, ರೋಸಿ ಹೋಗಿ ಅವರು ರೈಲ್ವೆಗೆ ಸೇರಿದರು. ಚಾಳಿನ ಗಂಡಸರು ‘ಹೆಂಡತಿ ಮಾತು ಕೇಳುವವನು’ ಎಂದು ಕುಟುಕಿದರು.

ಬಾಯಿಯನ್ನು ಅದೇ ತಿಂಗಳು ಕೆಲಸದಿಂದ ತೆಗೆದರು. ಕೆಲಸಗಾರರಲ್ಲಿ ಗಾಳಿಸುದ್ದಿ ಹಬ್ಬಿಸಿದರೆಂಬ ಕಾರಣ ಕೊಟ್ಟರು. ಗ್ಯಾಲರಿಯಲ್ಲಿ ಆಡಿದ ಮಾತು ಮ್ಯಾನೇಜರನ ಕಿವಿಗೆ ಹೋದದ್ದು ನಮ್ಮವರಿಂದಲೇ. ಯಾರಿಂದ ಎಂದು ಅವರು ಕೇಳಲಿಲ್ಲ. ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿ ದಿನ ದೂಡತೊಡಗಿದರು.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಕಾರ್ಖಾನೆಗೆ ಬರಬೇಕಿದ್ದ ಆರ್ಡರ್ ಬರಲಿಲ್ಲ. ಟೆಂಪರರಿಗಳನ್ನೆಲ್ಲ ಒಂದೇ ದಿನ ಮನೆಗೆ ಕಳಿಸಿದರು. ಗೇಟಿನ ಮುಂದೆ ಮುಖಂಡ ಕೂಗಾಡಿದ. ಜರ್ಮನ್ ಇಂಜಿನಿಯರ್ ಹೊರಗೆ ಬಂದು, ನಾನು ಯಾವ ಮಾತೂ ಕೊಟ್ಟಿರಲಿಲ್ಲವಲ್ಲ ಎಂದು ಕಕ್ಕಾಬಿಕ್ಕಿಯಾಗಿ ನಿಂತನಂತೆ. ಮ್ಯಾನೇಜರ್ ಹೊರಗೆ ಬರಲೇ ಇಲ್ಲ.

ಈಗಲಾದರೂ ಬಾಯಿಯ ಬಾಗಿಲಿಗೆ ಯಾರಾದರೂ ಬಂದಾರು ಎಂದು ನಾನು ಕಾದೆ. ಬಂದವರು ಒಬ್ಬರೂ ಇಲ್ಲ. ನಲ್ಲಿಯ ಹತ್ತಿರ ಹೆಂಗಸರು ಆಡಿಕೊಂಡದ್ದು ಬೇರೆಯೇ: ಅವತ್ತು ಪೇಢೆ ಹಂಚುವಾಗ ಆಕೆ ಅಪಶಕುನ ನುಡಿದಳು, ಅದಕ್ಕೇ ಹೀಗಾಯಿತು. ಒಬ್ಬೊಬ್ಬರಾಗಿ ಮಕ್ಕಳನ್ನು ಪಾಠದಿಂದ ಬಿಡಿಸಿದರು. ಬಾಯಿ ನೀರಿಗೆ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು.

‘ನೀವು ಒಂದ ಮಾತು ಅಂದುಬಿಡ್ರೀ ಇವರಿಗೆ,’ ಎಂದೆ.

ಅವರು ಎಂದಿನಂತೆ ತುಟಿ ಕಚ್ಚಿಕೊಂಡು ಹೇಳಿದರು: ‘ಎಂತ ಹೇಳುವುದು? ಆ ಜರ್ಮನ್ನನೂ ಸುಳ್ಳು ಹೇಳಲಿಲ್ಲ, ಹೆಡ್ ಕ್ಲಾರ್ಕನೂ ಸುಳ್ಳು ಹೇಳಲಿಲ್ಲ. ಇಬ್ಬರ ಅರ್ಥವೂ ಗೊತ್ತಿದ್ದು ಸುಮ್ಮನಿದ್ದನಲ್ಲ ಮ್ಯಾನೇಜರ್, ಸುಳ್ಳು ಅವನದ್ದು. ಅವನನ್ನು ಇವರು ಇವತ್ತಿಗೂ ಸಾಹೇಬ್ರು ಅನ್ನುತ್ತಾರೆ.’

ಆಮೇಲೆ ಅವರು ಬಹಳ ದಿನ ಕುರ್ಲಾದಲ್ಲಿ ಇರಲಿಲ್ಲ. ಕೆಮ್ಮು ಹಿಡಿದಿತ್ತು. ಚೆಂಬೂರಿನಲ್ಲಿದ್ದ ತಮ್ಮನ ಮಗಳು ಬಂದು ಕರೆದುಕೊಂಡು ಹೋದಳು. ಹೋಗುವ ದಿನ ಗ್ಯಾಲರಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ನಿಘಂಟುಗಳ ಗಂಟನ್ನು ನಾನು ಕೆಳಗೆ ಟಾಂಗಾದವರೆಗೆ ಹೊತ್ತೆ. ‘ಇಂಗ್ಲಿಷ್ ಬಿಡಬೇಡ,’ ಎಂದಷ್ಟೇ ಹೇಳಿ ಹತ್ತಿ ಕೂತರು.

ನಾವು ರೈಲ್ವೆ ಕ್ವಾರ್ಟರ್ಸಿಗೆ ಹೋದೆವು. ನನ್ನ ಗಂಡ ಖಲಾಸಿಯಿಂದ ಮೇಲೆ ಮೇಲೆ ಹೋದರು. ಮನೆಗೆ ಬಂದವರ ಮುಂದೆ, ‘ಆ ಕಾರ್ಖಾನಿ ಮುಳುಗತದ ಅಂತ ನನಗ ಮೊದಲೇ ವಾಸನಿ ಹತ್ತಿತ್ತು’ ಎನ್ನುವುದನ್ನು ರೂಢಿ ಮಾಡಿಕೊಂಡರು. ಮೊದಲೆರಡು ಸಲ ನಾನು ‘ಬಾಯಿ ಹೇಳಿದ್ದರು’ ಎಂದು ನಡುವೆ ಬಾಯಿ ಹಾಕಿದೆ. ಅವರು ಮಾತು ತಿರುಗಿಸಿದರು. ಹೇಳುತ್ತ ಹೇಳುತ್ತ ಅವರಿಗೇ ಅದು ನಿಜವೆನಿಸಿತೋ ಏನೋ. ಆ ಮಾತು ಬಂದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಆ ದಶಕ ಮುಗಿಯುವ ಮುಂಚೆ ಒಂದು ಬೆಳಿಗ್ಗೆ ಚೆಂಬೂರಿನಿಂದ ಒಬ್ಬ ಹುಡುಗ ಬಂದು, ಬಾಯಿ ತೀರಿಕೊಂಡರೆಂದೂ ಮಧ್ಯಾಹ್ನ ಮಣ್ಣೆಂದೂ ತಿಳಿಸಿದ. ಗಂಡ ಡ್ಯೂಟಿಗೆ ಹೊರಟು ನಿಂತಿದ್ದರು.

‘ಬರ್ರೀ, ಇಬ್ಬರೂ ಹೋಗಿ ಬರೂಣು,’ ಎಂದೆ.

‘ಇವತ್ತ ರಜಾ ಸಿಗೂದಿಲ್ಲ,’ ಎಂದು ಚಪ್ಪಲಿ ಮೆಟ್ಟಿಕೊಂಡರು.

ಅವರು ರಜೆ ಕೇಳಬೇಕಾಗಿದ್ದದ್ದು ಯಾರಿಂದಾಗಿ ಸಿಕ್ಕ ನೌಕರಿಯಲ್ಲಿ ಎಂದು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೂ ಕೇಳಿಸುತ್ತಿರಲಿಲ್ಲ. ಒಬ್ಬಳೇ ಚೆಂಬೂರಿನ ಗಾಡಿ ಹತ್ತಿದೆ.

ಸ್ಮಶಾನದಲ್ಲಿ ಎಂಟು ಹತ್ತು ಮಂದಿ ಇದ್ದರು. ಕುರ್ಲಾದವರು ಯಾರೂ ಇರಲಿಲ್ಲ. ಪಾದ್ರಿ ಕನ್ನಡದಲ್ಲೇ ಪ್ರಾರ್ಥನೆ ಮಾಡಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು, ನಾನೂ ಹಾಕಿದೆ. ತಮ್ಮನ ಮಗಳಿಗೆ ನನ್ನ ಗುರುತು ಹತ್ತಲಿಲ್ಲ. ‘ನೀವು ಅತ್ತೆಯ ಹತ್ತಿರ ಕಲಿತವರಾ?’ ಎಂದು ಕೇಳಿದಳು.

‘ಕಲಿತವರು ಭಾಳ ಮಂದಿ ಇದ್ದರವ್ವಾ,’ ಎಂದೆ. ‘ನಾ ಅವರ ಮಾತು ನಂಬಿದಾಕಿ.’