ಮುನಿಲಕ್ಷ್ಮಮ್ಮ ಮುಚ್ಚಿಟ್ಟ ಉಬ್ಬಸ

ಮುನಿಲಕ್ಷ್ಮಮ್ಮನಿಗೆ ವಾರಕ್ಕೆರಡು ಸಲ ಅರೆತಲೆನೋವು. ಬಂತೆಂದರೆ ಬನಶಂಕರಿಯ ಆ ಪುಟ್ಟ ಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಒಲೆ ಹಚ್ಚದೆ ಮಲಗಬೇಕು. ಗಂಡ ಗಂಗಯ್ಯ ಕೆಟ್ಟವನಲ್ಲ. ಆದರೆ ಫ್ಯಾಕ್ಟರಿಯ ಮೊದಲ ಶಿಫ್ಟಿನವನು, ಬೆಳಗಿನ ಜಾವಕ್ಕೇ ಅವನ ಡಬ್ಬಿ ತುಂಬಬೇಕು. ಅಂತೂ ಎಂಬತ್ತನಾಲ್ಕರ ಬೇಸಿಗೆಯಲ್ಲಿ ಅವಳನ್ನು ಜಯನಗರದ ಡಾಕ್ಟರ್ ಗುರುಶಾಂತಪ್ಪನವರ ಹತ್ತಿರ ಕರೆದೊಯ್ದ.

ಅವಳ ಜೊತೆ ಒಂದು ಗುಟ್ಟೂ ಹೋಯಿತು. ಚಿಕ್ಕಂದಿನಿಂದ ಅವಳಿಗೆ ಉಬ್ಬಸ. ಹೆಣ್ಣು ನೋಡಲು ಬಂದವರಿಗೆ ಅವ್ವ ಹೇಳಲಿಲ್ಲ. ಮದುವೆಯಾದ ಮೇಲೂ ಚಳಿಗಾಲ ಬಂದರೆ ಏನಾದರೊಂದು ನೆಪ ತೆಗೆದು ಮಗಳನ್ನು ಉತ್ತರಹಳ್ಳಿಗೆ ಕರೆಸಿಕೊಳ್ಳುತ್ತಿದ್ದಳು. ಈಗಂತೂ ಬಾಯಿ ಬಿಡುವ ಹಾಗೇ ಇಲ್ಲ. ತಂಗಿ ಅಂಕಮ್ಮನನ್ನು ಗಂಗಯ್ಯನ ತಮ್ಮನಿಗೇ ಗೊತ್ತು ಮಾಡಿದ್ದರು. ವಿಷಯ ಹೊರಬಿದ್ದರೆ, ಅದೇ ರಕ್ತ ತಾನೇ ಎಂದು ಅತ್ತೆ ಸಂಬಂಧ ಮುರಿಯುವುದು ಖಂಡಿತ.

ಡಾಕ್ಟರು ಅಪರೂಪದ ಮನುಷ್ಯ, ಚೀಟಿ ಗೀಚಿ ಸಾಗಹಾಕುವವರಲ್ಲ.

“ನೋವು ಬರದ ಹಾಗೆ ದಿನಾ ತಗೊಳ್ಳೋಕೆ ಎರಡು ಥರ ಮಾತ್ರೆ ಇದೆಯಮ್ಮ. ಒಂದರಲ್ಲಿ ನಿದ್ದೆ ಜಾಸ್ತಿ. ಇನ್ನೊಂದರಲ್ಲಿ ಆ ಕಾಟ ಇಲ್ಲ, ಆದ್ರೆ ಉಬ್ಬಸ ಇರೋರು ಅದನ್ನ ಮುಟ್ಟಬಾರದು. ಉಸಿರು ಕಟ್ಟಿಬಿಡುತ್ತೆ. ಉಬ್ಬಸ ಇದೆಯಾ?”

“ಅಂಥದ್ದೇನಿಲ್ಲ ಸಾರ್,” ಗಂಗಯ್ಯನೇ ಹೇಳಿದ. “ನಿದ್ದೆ ಮಾತ್ರೆ ಬೇಡ. ಇವ್ಳು ನಾಲ್ಕಕ್ಕೆ ಏಳ್ಬೇಕು.”

“ತಗೊಳ್ಳೋರು ಅವರು. ಅವರು ಹೇಳ್ಲಿ.”

ಹುಟ್ಟಿದಾಗಿನಿಂದ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಅವಳಿಗೆ ಅಳುವೇ ಬಂತು. “ನಿದ್ದೆ ಬರೋದೇ ಕೊಡಿ ಸಾರ್.”

“ಕೊಡೋಣ. ಅದೇ ಯಾಕೆ ಬೇಕು ಅನ್ಸುತ್ತೆ?” ಡಾಕ್ಟರು ಅಕ್ಕರೆಯಿಂದಲೇ ಕೇಳಿದ್ದು. ಗಂಗಯ್ಯನೂ ತಿರುಗಿ ನೋಡಿದ.

ಅವಳು ಸೆರಗು ಹಿಂಡಿದಳು. “ಏನಿಲ್ಲ... ಅವರು ಹೇಳಿದ್ದೇ ಆಗ್ಲಿ.”

“ಉಬ್ಬಸ ಇಲ್ಲ ತಾನೇ? ನೀವೇ ಹೇಳಿ.”

“ಇಲ್ಲ ಸಾರ್.”

ಹುಚ್ಚು ಹೆಂಗಸು! ಇದಕ್ಕಿಂತ ಹೆಚ್ಚಾಗಿ ಯಾವ ಡಾಕ್ಟರು ತಾನೇ ಕೇಳಿಯಾರು?

ಮಾತ್ರೆ ಚೆನ್ನಾಗಿಯೇ ಕೆಲಸ ಮಾಡಿತು. ಮೂರು ವಾರ ತಲೆನೋವು ಹತ್ತಿರ ಸುಳಿಯಲಿಲ್ಲ. ನೀರಿನ ಕೊಡ ಹೊರುವಾಗ ಎದೆಯಲ್ಲಿ ಸಣ್ಣಗೆ ಸಿಳ್ಳೆ ಕೇಳಿಸುತ್ತಿತ್ತು. ತಂಗಿಯ ಮದುವೆ ಒಂದು ಮುಗಿಯಲಿ ಎಂದುಕೊಂಡಳು.

ಮದುವೆಗೆ ಒಂಬತ್ತು ದಿನವಿರುವಾಗ ಉತ್ತರಹಳ್ಳಿಯ ಮನೆಯಲ್ಲಿ ಅರಿಶಿನ ಕುಟ್ಟುವ ಶಾಸ್ತ್ರ. ಎರಡೂ ಮನೆಗೆ ಬೇಕಾದವಳು, ಮೊದಲ ಒನಕೆ ಮುನಿಲಕ್ಷ್ಮಮ್ಮನದೇ ಎಂದು ಅತ್ತೆ ಹಟ ಹಿಡಿದಳು. ಗಂಗಯ್ಯ ಜಗಲಿಯ ಮೇಲೆ ಕೂತಿದ್ದ. ಮುತ್ತೈದೆಯರು ಸೋಬಾನೆ ಶುರು ಮಾಡಿದರು. ಒರಳಿನಿಂದ ಹಳದಿ ಧೂಳೆದ್ದು ಮೂಗಿಗೆ ಅಡರಿತು. ಎದೆಯ ಸಿಳ್ಳೆ ಹಾಡಿನ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು. ಹಾಡು ನಿಲ್ಲದಿರಲಪ್ಪ ದೇವರೇ ಎಂದು ಬೇಡಿಕೊಳ್ಳುತ್ತ ಕುಟ್ಟಿದಳು. ತುಟಿ ಕಪ್ಪಿಟ್ಟಿತು. ಎದುರಿಗೆ ಕೂತಿದ್ದ ಅಂಕಮ್ಮ ಅದನ್ನು ಕಂಡಳು. ಬೇಡ, ಹೇಳಬೇಡ ಎಂದು ಅಕ್ಕ ತಲೆಯಾಡಿಸಿದಳು.

ಅಂಕಮ್ಮ ಎದ್ದು ಬಂದು ಒನಕೆ ಕಿತ್ತುಕೊಂಡಳು. ಹಾಡು ನಿಂತಿತು.

“ಬಾವ, ಅಕ್ಕಂಗೆ ಚಿಕ್ಕಂದಿನಿಂದ ಉಬ್ಬಸ ಐತೆ! ಡಾಕ್ಟ್ರತ್ರ ಕರ್ಕೊಂಡು ಓಡಿ!”

ಅತ್ತೆ ಸೊಸೆಯ ಕಡೆ ತಿರುಗಿದಳು. “ನಿಜವೇನೇ?”

ಇಲ್ಲ ಎನ್ನಲು ಮುನಿಲಕ್ಷ್ಮಮ್ಮನಲ್ಲಿ ಉಸಿರಿರಲಿಲ್ಲ.