ನಿರುಪಯುಕ್ತ ಜಮೀನಿನ ಪಂಚನಾಮೆ

ನಮ್ಮ ಓಣಿಯ ಹಿಂದಿನ ತಗ್ಗು ಜಮೀನು ಯಾವುದಕ್ಕೂ ಬಾರದ್ದೆಂದು ಸರ್ಕಾರಕ್ಕೆ ಲಿಖಿತವಾಗಿ ತಿಳಿಸಿದ ಮಹನೀಯರಲ್ಲಿ ನಾನೂ ಒಬ್ಬ. ಅಲ್ಲಿ ಬಡಾವಣೆ ಮಾಡುವ ಮುನ್ನ ಸ್ಥಳ ನೋಡಲು ಕಂದಾಯ ಕಚೇರಿಯ ಸಾಹೇಬರು ಬಂದದ್ದು ಬಳ್ಳಾರಿಯ ಮೇ ತಿಂಗಳ ಮಟಮಟ ಮಧ್ಯಾಹ್ನ. ಅಲ್ಲಿದ್ದ ಬೇವಿನ ಮರಗಳ ಕೆಳಗೆ ಕುರ್ಚಿ ಹಾಕಿಸಿಕೊಂಡರು. ನೆರಳು ಸರಿದಂತೆ ಕುರ್ಚಿಯೂ ಮೂರು ಸಲ ಸರಿಯಿತು. ಅಷ್ಟರಲ್ಲಿ, ಸದರಿ ಜಮೀನು ಖಾಲಿ ಇದ್ದು ಯಾವ ಉಪಯೋಗದಲ್ಲಿಯೂ ಇರುವುದಿಲ್ಲ ಎಂಬ ಪಂಚನಾಮೆ ಸಿದ್ಧವಾಯಿತು. ನಿವೃತ್ತ ಮೇಷ್ಟ್ರೆಂಬ ಗೌರವಕ್ಕೆ ಮೊದಲ ಸಾಕ್ಷಿ ನಾನೇ. ಓದಿದೆ, ಭಾಷೆ ಶುದ್ಧವಾಗಿತ್ತು, ಸಹಿ ಹಾಕಿದೆ.

ಕುರ್ಚಿಯಿಂದ ಹತ್ತು ಹೆಜ್ಜೆ ಆಚೆ ನನ್ನ ಪಕ್ಕದ ಮನೆಯ ಗೆಳೆಯ ಅರಳೆ ಹಿಂಜುತ್ತಿದ್ದ. ಗಾದಿ ಹೊಲಿಯುವುದು ಅವರ ಮನೆತನದ ಕಸುಬು. ಕುರುಗೋಡು, ಸಿರುಗುಪ್ಪದಿಂದಲೂ ಜನ ಹಳೆಯ ಗಾದಿಗಳನ್ನು ಬಸ್ಸಿಗೆ ಹೇರಿಕೊಂಡು ಬರುತ್ತಿದ್ದರು. ಅವನನ್ನೂ ಸಹಿಗೆ ಕರೆದರು.

"ನಾ ಇಲ್ಲೇ ಕುಂತೀನಲ್ರಿ ಸಾಹೇಬ್ರ, ಖಾಲಿ ಐತಿ ಅಂತ ಹೆಂಗ ಸಹಿ ಮಾಡ್ಲಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗೆ ನೆನೆದರೆ ಈಗಲೂ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಮರಗಳು ಹೋದವು. ಗರಸು ಮಣ್ಣು ಸುರಿದು ತಗ್ಗನ್ನು ನಮ್ಮ ಹೊಸ್ತಿಲಿಗಿಂತ ಒಂದು ಮೊಳ ಎತ್ತರ ಮಾಡಿದರು. ಓಣಿಯ ಮಳೆನೀರನ್ನೆಲ್ಲ ಅರ್ಜಿ ಕೇಳದೆ ಕುಡಿದು, ಬೇಸಿಗೆಯವರೆಗೂ ನಮ್ಮ ಬೋರುಗಳಿಗೆ ಬಡಿಸುತ್ತಿದ್ದ ತಗ್ಗು ಅದು. ಈಗ ಅದರ ಮೇಲೆ 'ನಿಸರ್ಗದ ಮಡಿಲಲ್ಲಿ ನಿವೇಶನಗಳು' ಎಂಬ ಫಲಕವಿದೆ. ನಿಸರ್ಗವನ್ನು ಕಡಿದು ಹಾಕಿದ ಮೇಲೆ ಮಡಿಲು ಯಾರದೆಂದು ಬರೆದಿಲ್ಲ.

ಮೊದಲ ದೊಡ್ಡ ಮಳೆಗೆ ನೀರು ನೇರ ಗೆಳೆಯನ ಮನೆಗೆ ನುಗ್ಗಿತು. ಗಿರಾಕಿಗಳ ಗಾದಿಗಳೆಲ್ಲ ನೆನೆದು ಹೆಣಭಾರವಾದವು. ಬಿಚ್ಚಿ ಹರವೋಣವೆಂದರೆ ಬಯಲಿಲ್ಲ.

ಪರಿಹಾರ ಕೇಳಲು ಇಬ್ಬರೂ ಕಚೇರಿಗೆ ಹೋದೆವು. ಗುಮಾಸ್ತ ಕಡತ ತೆರೆದು, ಯಾರಿಗೂ ಉಪಯೋಗವಿಲ್ಲದ ಜಮೀನು ಹೋದರೆ ನಷ್ಟ ಎಲ್ಲಿಂದ ಬಂತೆಂದು ಬಹಳ ವಿನಯದಿಂದ ಕೇಳಿದ. ನನ್ನ ಸಹಿಯ ಮೇಲೆ ಬೆರಳಿಟ್ಟ.

"ಮೇಷ್ಟ್ರ, ಅದನ್ನ ಬರದವ್ರು ಅವ್ರು. ಖರೇ ಅಂದವ್ರು ನೀವು," ಎಂದ ಗೆಳೆಯ. ದನಿ ಏರಿಸಲಿಲ್ಲ.

ಕಾಗದ ಕೇಳಿ ನಿಂತಲ್ಲೇ ಬರೆದೆ: ನಾನು ಸಾಕ್ಷಿ ಹೇಳಿದ್ದು ಸುಳ್ಳು, ಆ ಜಮೀನು ನೀರು ಹಿಡಿಯುತ್ತಿತ್ತು, ನೆರಳು ಕೊಡುತ್ತಿತ್ತು, ಒಂದು ಸಂಸಾರವನ್ನು ಸಾಕುತ್ತಿತ್ತು. ಹೀಗೆ ಬರೆದರೆ ನಿಮ್ಮ ಮೇಲೆಯೇ ಕೇಸಾದೀತು ಎಂದು ಗುಮಾಸ್ತ ಎಚ್ಚರಿಸಿದ. ಆಗಲಿ, ಮೊದಲು ಸ್ವೀಕೃತಿಯ ಮೊಹರು ಒತ್ತು ಎಂದೆ.